ನಿರುದ್ಯೋಗಿಗಳ ಪಟ್ಟಿಗೂ ಸೇರದವರು: ವಿಕಲಚೇತನರಿಗೆ ಮೀಸಲಾತಿ ಇದೆ, ಕೆಲಸ ಎಲ್ಲಿದೆ?

ಸರ್ಕಾರಿ ಅಂಕಿಅಂಶಗಳು ಕೆಲವೊಮ್ಮೆ ಹೇಳುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು. 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನ ಪ್ರಕಾರ, ದೇಶದ 15 ವರ್ಷ ಮೇಲ್ಪಟ್ಟ ವಿಕಲಚೇತನರಲ್ಲಿ ನಿರುದ್ಯೋಗದ ಪ್ರಮಾಣ ಕೇವಲ ಶೇ. 4.2. ಅದೇ ಅವಧಿಯ, ಅಂದರೆ 2018-19ನೇ ಸಾಲಿನ ಶ್ರಮಶಕ್ತಿ ಸಮೀಕ್ಷೆಯಲ್ಲಿ ಇಡೀ ದೇಶದ ನಿರುದ್ಯೋಗ ಪ್ರಮಾಣ ಶೇ. 5.8 ಇತ್ತು. ಈ ಎರಡು ಅಂಕಿಗಳನ್ನಷ್ಟೇ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಭಾರತದಲ್ಲಿ ಅಂಗವಿಕಲರಿಗೆ ಉಳಿದವರಿಗಿಂತ ಸುಲಭವಾಗಿ ಕೆಲಸ ಸಿಗುತ್ತಿದೆ ಎನಿಸಬೇಕು.

ವಾಸ್ತವ ತದ್ವಿರುದ್ಧ. ಕೆಲಸ ಮಾಡುತ್ತಿರುವವರು ಮತ್ತು ಕೆಲಸ ಬೇಕೆಂದು ಬಯಸುವವರು ಸೇರಿದರೆ ಮಾತ್ರ ಅದು ಶ್ರಮಶಕ್ತಿ. ಕೆಲಸ ಹುಡುಕುವುದನ್ನೇ ಕೈಬಿಟ್ಟವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದೇ ಇಲ್ಲ. 2018-19ರಲ್ಲಿ 15 ವರ್ಷ ಮೇಲ್ಪಟ್ಟ ಒಟ್ಟು ಜನರಲ್ಲಿ ಶೇ. 50.2ರಷ್ಟು ಮಂದಿ ಶ್ರಮಶಕ್ತಿಯ ಭಾಗವಾಗಿದ್ದರೆ, ವಿಕಲಚೇತನರಲ್ಲಿ ಆ ಪ್ರಮಾಣ ಶೇ. 23.8 ಮಾತ್ರ. ನೂರು ಮಂದಿ ವಿಕಲಚೇತನರಲ್ಲಿ ಸುಮಾರು 23 ಮಂದಿ ದುಡಿಯುತ್ತಿದ್ದಾರೆ, ಒಬ್ಬರು ಕೆಲಸ ಹುಡುಕುತ್ತಿದ್ದಾರೆ, ಉಳಿದ 76 ಮಂದಿ ಉದ್ಯೋಗದ ಲೋಕದಿಂದಲೇ ಹೊರಗಿದ್ದಾರೆ. ಇವರಲ್ಲಿ ವೃದ್ಧರು, ತೀವ್ರ ಅಸ್ವಸ್ಥರು, ವಿದ್ಯಾರ್ಥಿಗಳು ಇದ್ದಾರೆಂಬುದು ನಿಜ. ಆದರೆ ಅಷ್ಟರಿಂದಲೇ ಈ ಅಗಾಧ ಅಂತರಕ್ಕೆ ವಿವರಣೆ ಸಿಗದು. ಕೇಳಿದರೂ ಸಿಗದು ಎಂಬ ಅನುಭವ ಬೆಳೆದಂತೆ ಕೇಳುವುದೇ ನಿಲ್ಲುತ್ತದೆ. ಕೇಳುವುದು ನಿಂತಾಗ ಸಮಸ್ಯೆಯೇ ಇಲ್ಲವೆಂದು ಅಂಕಿಗಳು ಹೇಳತೊಡಗುತ್ತವೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ದೇಶಮಟ್ಟದಲ್ಲಿ ವಿಕಲಚೇತನ ಪುರುಷರಲ್ಲಿ ಶೇ. 47ರಷ್ಟು ಮಂದಿ ದುಡಿಯುತ್ತಿದ್ದರೆ, ಮಹಿಳೆಯರಲ್ಲಿ ಆ ಪ್ರಮಾಣ ಶೇ. 23. ಅಂದಿನಿಂದ ಇಂದಿನವರೆಗೆ ಸರ್ಕಾರಗಳು ರೂಪಿಸಿದ ಯೋಜನೆಗಳೆಲ್ಲ ಈ ಹಳೆಯ ಲೆಕ್ಕವನ್ನೇ ನೆಚ್ಚಿಕೊಂಡಿವೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನಾಂಕವೆಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿದೆ.

ಕಾನೂನು ಸಾಗಿಬಂದ ದಾರಿ

ಈ ದೇಶದಲ್ಲಿ ಕಾನೂನಿಗೆ ಕೊರತೆಯಿಲ್ಲ. 1995ರ ಅಂಗವಿಕಲರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ನೌಕರಿಯಲ್ಲಿ ಶೇ. 3ರಷ್ಟು ಮೀಸಲಾತಿ ನೀಡಿತು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲಿ ಅನುಮೋದನೆ ನೀಡಿದ ಬಳಿಕ ಹಳೆಯ ಕಾಯಿದೆಯನ್ನು ಬದಲಿಸುವುದು ಅನಿವಾರ್ಯವಾಯಿತು. ಸಂಸತ್ತು 2016ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ವೈಕಲ್ಯಗಳ ಸಂಖ್ಯೆ 7ರಿಂದ 21ಕ್ಕೆ, ಮೀಸಲಾತಿ ಶೇ. 3ರಿಂದ ಕನಿಷ್ಠ ಶೇ. 4ಕ್ಕೆ ಏರಿತು. ಕರ್ನಾಟಕದಲ್ಲಿ ‘ಎ’ ಮತ್ತು ‘ಬಿ’ ವೃಂದದ ಹುದ್ದೆಗಳಿಗೆ ಶೇ. 4, ‘ಸಿ’ ಮತ್ತು ‘ಡಿ’ ವೃಂದಕ್ಕೆ ಶೇ. 5ರಷ್ಟು ಸಮತಲ ಮೀಸಲಾತಿ ಇದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿಯೂ ಸುಳ್ಳಾಗಲಿಲ್ಲ. ಹಲವು ವರ್ಷ ಇಲಾಖೆಗಳು ಅಂಗವಿಕಲರಿಗೆ ‘ಸೂಕ್ತ’ವೆಂದು ತಾವೇ ಗುರುತಿಸಿದ ಹುದ್ದೆಗಳಿಗೆ ಮಾತ್ರ ಈ ಪ್ರಮಾಣವನ್ನು ಲೆಕ್ಕ ಹಾಕುತ್ತಿದ್ದವು. ಗುರುತಿಸಿದ ಹುದ್ದೆ ಕಡಿಮೆಯಾದರೆ ಮೀಸಲು ಸ್ಥಾನವೂ ಕಡಿಮೆ. ರಾಷ್ಟ್ರೀಯ ಅಂಧರ ಒಕ್ಕೂಟದ ಪ್ರಕರಣದಲ್ಲಿ 2013ರ ಅಕ್ಟೋಬರ್ 8ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ವೃಂದದ ಒಟ್ಟು ಖಾಲಿ ಹುದ್ದೆಗಳ ಮೇಲೆಯೇ ಲೆಕ್ಕ ಹಾಕಬೇಕೆಂದು ಸ್ಪಷ್ಟಪಡಿಸಿತು. ಅಷ್ಟರಲ್ಲಿ ಕಾಯಿದೆ ಜಾರಿಯಾಗಿ ಹದಿನೇಳು ವರ್ಷ ಕಳೆದಿತ್ತು.

ಬಡ್ತಿಯ ಪ್ರಶ್ನೆಯಲ್ಲಿ ಕರ್ನಾಟಕದ ಹೆಸರು ನ್ಯಾಯಾಂಗದ ಇತಿಹಾಸದಲ್ಲೇ ದಾಖಲಾಗಿದೆ. ಬಡ್ತಿಯಲ್ಲಿ ಮೀಸಲಾತಿ ಇಲ್ಲವೆಂಬ ಇಂದ್ರಾ ಸಾಹ್ನಿ ತೀರ್ಪಿನ ನಿರ್ಬಂಧ ಅಂಗವಿಕಲರಿಗೆ ಅನ್ವಯಿಸದು ಎಂಬುದನ್ನು 2020ರ ಜನವರಿ 14ರಂದು ಮೂವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದು ಸಿದ್ದರಾಜು ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ. ಹಾಗಿದ್ದೂ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಬಡ್ತಿ ಮೀಸಲಾತಿಯ ಸೂಚನೆ ಹೊರಡಿಸಿದ್ದು 2022ರ ಮೇ ತಿಂಗಳಲ್ಲಿ. ಒಬ್ಬ ನೌಕರನ ಸೇವಾವಧಿ ಮೂವತ್ತು ವರ್ಷವೆಂದುಕೊಂಡರೆ, ಹೀಗೆ ಕಳೆದುಹೋಗುವ ಒಂದೊಂದು ವರ್ಷದ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

ಪ್ರಮಾಣಪತ್ರವೆಂಬ ಮೊದಲ ಬಾಗಿಲು

ಮೀಸಲಾತಿ ಪಡೆಯಲು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದೆ ಎಂಬ ವೈದ್ಯಕೀಯ ಪ್ರಮಾಣಪತ್ರ ಅಗತ್ಯ. 2018ರ ಸಮೀಕ್ಷೆಯ ಪ್ರಕಾರ ಅಂತಹ ಪ್ರಮಾಣಪತ್ರ ಹೊಂದಿದ್ದ ವಿಕಲಚೇತನರು ಶೇ. 28.8 ಮಾತ್ರ. ಕಾನೂನಿನ ಸವಲತ್ತುಗಳ ಪಟ್ಟಿ ಎಷ್ಟೇ ಉದ್ದವಿದ್ದರೂ, ಹತ್ತರಲ್ಲಿ ಏಳು ಮಂದಿ ಬಾಗಿಲ ಹೊರಗೇ ನಿಂತಿದ್ದರೆಂಬುದು ಇದರರ್ಥ. 2021ರ ಜೂನ್ 1ರಿಂದ ವಿಶಿಷ್ಟ ಗುರುತಿನ ಚೀಟಿಯ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ಪ್ರಮಾಣಪತ್ರ ನೀಡುವುದು ಕಡ್ಡಾಯವಾಗಿದೆ. ಇದರಿಂದ ಪಾರದರ್ಶಕತೆ ಹೆಚ್ಚಿದೆಯಾದರೂ, ತಪಾಸಣೆಗೆ ತಜ್ಞ ವೈದ್ಯರಿರುವ ಆಸ್ಪತ್ರೆಗೆ ಹೋಗಲೇಬೇಕು. ಕಣ್ಣು ಕಾಣದವರು, ನಡೆಯಲಾಗದವರು, ಮಾನಸಿಕ ಅಸ್ವಸ್ಥತೆಯಿಂದ ಬಳಲುವವರು ಜೊತೆಗೊಬ್ಬರನ್ನು ಕರೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಬರುವುದೆಂದರೆ ಇಬ್ಬರ ಒಂದು ದಿನದ ಕೂಲಿ ಹೋದಂತೆ.

ಇದಕ್ಕಿಂತ ಮೂಲಭೂತವಾದ ಇನ್ನೊಂದು ತೊಡಕಿದೆ. ವೈಕಲ್ಯದ ಶೇಕಡಾವಾರು ಲೆಕ್ಕ ದೇಹದ ನಷ್ಟವನ್ನು ಅಳೆಯುತ್ತದೆ. ನಿರ್ದಿಷ್ಟ ಕೆಲಸವೊಂದನ್ನು ಮಾಡುವ ಸಾಮರ್ಥ್ಯವನ್ನು ಅಳೆಯುವುದಿಲ್ಲ. ಕಾಲಿನ ಶಕ್ತಿ ಪೂರ್ಣವಾಗಿ ಕಳೆದುಕೊಂಡವರು ಲೆಕ್ಕಪತ್ರದ ಕೆಲಸವನ್ನು ಸಲೀಸಾಗಿ ಮಾಡಬಲ್ಲರು. ಬೆರಳು ಸೆಳೆತದಿಂದಾಗಿ ಬರೆಯಲಾಗದವರು ಪ್ರಮಾಣಪತ್ರದ ಲೆಕ್ಕದಲ್ಲಿ ಶೇ. 40 ತಲುಪದೇ ಇರಬಹುದು, ಆದರೆ ಮೂರು ಗಂಟೆಯ ಲಿಖಿತ ಪರೀಕ್ಷೆಯಲ್ಲಿ ಅವರು ಸೋಲುವುದು ಖಚಿತ. ವಿಕಾಸ್ ಕುಮಾರ್ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇದೇ ಕಾರಣಕ್ಕೆ. 2021ರ ಫೆಬ್ರುವರಿ 11ರಂದು ನೀಡಿದ ತೀರ್ಪಿನಲ್ಲಿ ನ್ಯಾಯಾಲಯ, ಶೇ. 40ರ ಮಿತಿ ಮೀಸಲಾತಿಗೆ ಸಂಬಂಧಿಸಿದ್ದೇ ಹೊರತು, ಬರಹಗಾರರ ನೆರವಿನಂತಹ ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸಲು ನೆಪವಾಗದು ಎಂದಿತು. 2025ರ ಮಾರ್ಚ್ 3ರಂದು ನೀಡಿದ ಮತ್ತೊಂದು ತೀರ್ಪು, ದೃಷ್ಟಿದೋಷವೊಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡಲಾಗದೆಂದು ಸಾರಿ, ಮಧ್ಯಪ್ರದೇಶದ ನಿಯಮವನ್ನು ರದ್ದುಪಡಿಸಿತು. ದೃಷ್ಟಿಯಿಲ್ಲದವರು ನ್ಯಾಯಾಧೀಶರಾಗಬಹುದೆಂದಾದರೆ, ಕಚೇರಿಯ ಗುಮಾಸ್ತರಾಗಲು ಅಡ್ಡಿಯೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಪಟ್ಟಿಯ ಹೊರಗಿನ ಕಾಯಿಲೆಗಳು

ವೈಕಲ್ಯ ಎಂದಾಕ್ಷಣ ಊರುಗೋಲು, ಗಾಲಿಕುರ್ಚಿ, ಕಪ್ಪು ಕನ್ನಡಕಗಳ ಚಿತ್ರವೇ ಕಣ್ಣಮುಂದೆ ಬರುತ್ತದೆ. ಹೊರಗೆ ಕಾಣದ ಅಸ್ವಸ್ಥತೆಯೊಂದಿಗೆ ಬದುಕುವವರ ಪಾಡು ಇನ್ನಷ್ಟು ಜಟಿಲ. 2016ರ ಕಾಯಿದೆ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆ, ಪಾರ್ಕಿನ್‌ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ಗಳನ್ನು 21ರ ಪಟ್ಟಿಗೆ ಸೇರಿಸಿತೇನೋ ನಿಜ. ಆದರೆ ನೌಕರಿ ಮೀಸಲಾತಿಯ 34ನೇ ಕಲಮಿನಲ್ಲಿ ಇವುಗಳಿಗೆ ಸ್ವತಂತ್ರ ಸ್ಥಾನವಿಲ್ಲ. ಅಲ್ಲಿರುವುದು ದೃಷ್ಟಿದೋಷ, ಶ್ರವಣದೋಷ, ಚಲನವೈಕಲ್ಯದ ಗುಂಪುಗಳಿಗೆ ತಲಾ ಶೇ. 1, ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಹಾಗೂ ಬಹುವಿಧ ವೈಕಲ್ಯಗಳಿಗೆ ಒಟ್ಟಾಗಿ ಇನ್ನೊಂದು ಶೇ. 1. ಒಂದೇ ಕಾಯಿದೆಯ ಒಂದು ಪುಟದಲ್ಲಿ ಅಂಗವಿಕಲರೆನಿಸಿಕೊಂಡವರು ಮತ್ತೊಂದು ಪುಟದಲ್ಲಿ ಕಾಣೆಯಾಗಿದ್ದಾರೆ.

ಇನ್ನು ಮೂತ್ರಪಿಂಡ ವೈಫಲ್ಯ, ಹೃದ್ರೋಗ, ಕ್ಯಾನ್ಸರ್, ಮಧುಮೇಹ ಆ 21ರ ಪಟ್ಟಿಯಲ್ಲೂ ಇಲ್ಲ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದ ವ್ಯಕ್ತಿಗೆ ಬೇಕಾಗಿರುವುದು ಮೀಸಲು ಹುದ್ದೆಗಿಂತ ಹೆಚ್ಚಾಗಿ, ಪಾಳಿ ಬದಲಿಸಿಕೊಳ್ಳುವ ಅವಕಾಶ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮರಳುವವರಿಗೆ ಕೆಲವು ತಿಂಗಳು ಅರ್ಧ ದಿನದ ಕೆಲಸ ಸಿಕ್ಕರೆ ಸಾಕು. ಇಂತಹ ವಿನಂತಿಗೆ ಉತ್ತರಿಸುವ ಹೊಣೆಯನ್ನು ಯಾವ ಕಾನೂನೂ ಖಾಸಗಿ ಉದ್ಯೋಗದಾತರ ಮೇಲೆ ನೇರವಾಗಿ ಹೊರಿಸಿಲ್ಲ. ಎಚ್‌ಐವಿ ಸೋಂಕಿತರ ವಿಷಯದಲ್ಲಿ ಮಾತ್ರ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಪ್ರತ್ಯೇಕ ಕಾಯಿದೆ ಉದ್ಯೋಗದಲ್ಲಿ ತಾರತಮ್ಯವನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಉಳಿದವರು ಸಂದರ್ಶನದಲ್ಲಿ ಕಾಯಿಲೆಯ ವಿಷಯ ಹೇಳಿದರೆ ಕೆಲಸ ಸಿಗದು, ಮುಚ್ಚಿಟ್ಟು ಸೇರಿದರೆ ರಜೆ ಕೇಳಲಾಗದು ಎಂಬ ಇಕ್ಕಟ್ಟಿನಲ್ಲೇ ದಿನ ದೂಡುತ್ತಾರೆ.

ಕೆಲಸದಲ್ಲಿದ್ದಾಗಲೇ ಬಂದೆರಗಿದರೆ

ಹುಟ್ಟಿನಿಂದ ಬಂದ ವೈಕಲ್ಯದಷ್ಟೇ, ನಡುವಯಸ್ಸಿನಲ್ಲಿ ಅಪಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ಬರುವ ವೈಕಲ್ಯವೂ ಕುಟುಂಬವನ್ನು ಅಲುಗಾಡಿಸುತ್ತದೆ. ಮನೆ ಸಾಲ, ಮಕ್ಕಳ ಶುಲ್ಕ, ಔಷಧದ ಖರ್ಚು ಒಟ್ಟಿಗೇ ಎದುರಾಗುವ ಹೊತ್ತು ಅದು. ಸರ್ಕಾರಿ ನೌಕರರಿಗೆ ಇಲ್ಲಿ ಬಲವಾದ ರಕ್ಷಣೆಯಿದೆ. 2016ರ ಕಾಯಿದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ವಜಾ ಮಾಡುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಹುದ್ದೆ ನೀಡಬೇಕು. ಹುದ್ದೆಯೇ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಉಳಿಸಿಕೊಳ್ಳಬೇಕು.

ತೆಲಂಗಾಣದ ಸಾರಿಗೆ ನಿಗಮದ ಚಾಲಕರೊಬ್ಬರಿಗೆ ಬಣ್ಣ ಗುರುತಿಸುವಲ್ಲಿ ದೋಷವಿದೆಯೆಂದು ವೈದ್ಯಕೀಯ ಕಾರಣದ ಮೇಲೆ ನಿವೃತ್ತಿ ನೀಡಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2025ರ ಆಗಸ್ಟ್ 1ರಂದು ಬೇರೆ ಹುದ್ದೆ ನೀಡುವಂತೆ ಆದೇಶಿಸಿತು. ಪರ್ಯಾಯ ಹುದ್ದೆ ಇದೆಯೇ ಎಂದು ಪ್ರಾಮಾಣಿಕವಾಗಿ ಹುಡುಕುವ ಹೊಣೆ ಉದ್ಯೋಗದಾತರದೇ ಎಂಬುದು ಆ ತೀರ್ಪಿನ ತಿರುಳು. ರಾಜ್ಯದ ಸಾರಿಗೆ ನಿಗಮಗಳಲ್ಲಿ ದುಡಿಯುವ ಸಾವಿರಾರು ಚಾಲಕರು, ನಿರ್ವಾಹಕರಿಗೂ ಇದು ಗಮನಾರ್ಹ.

ಖಾಸಗಿ ನೌಕರರ ಸ್ಥಿತಿ ಹೀಗಿಲ್ಲ. 20ನೇ ಕಲಮು ಸರ್ಕಾರಿ ಸಂಸ್ಥೆಗಳಿಗೆ ಸೀಮಿತ. 1947ರ ಕೈಗಾರಿಕಾ ವಿವಾದ ಕಾಯಿದೆಯಂತೂ ದೀರ್ಘಕಾಲದ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು ‘ಉದ್ಯೋಗ ಕಡಿತ’ದ ವ್ಯಾಖ್ಯೆಯಿಂದಲೇ ಹೊರಗಿಟ್ಟು, ಪರಿಹಾರದ ದಾರಿಯನ್ನು ದಶಕಗಳ ಕಾಲ ಮುಚ್ಚಿತ್ತು. ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ಕೆಲವು ದೀರ್ಘಕಾಲೀನ ಕಾಯಿಲೆಗಳಲ್ಲಿ ಎರಡು ವರ್ಷದವರೆಗೆ ವೇತನದ ಶೇ. 80ರಷ್ಟು ಭತ್ಯೆ ಸಿಗುತ್ತದೆ. ಆದರೆ 2017ರಲ್ಲಿ ನಿಗದಿಯಾದ ವೇತನ ಮಿತಿ ಮಾಸಿಕ 21,000 ರೂ., ಅಂಗವಿಕಲರಿಗೆ 25,000 ರೂ. ಆ ಮಿತಿಗಿಂತ ಮೇಲಿನ ಮಧ್ಯಮವರ್ಗದ ನೌಕರರಿಗೆ ಉಳಿಯುವುದು ಮಾಲೀಕರ ಸಹಾನುಭೂತಿ ಮಾತ್ರ. ಭತ್ಯೆ ಸಿಕ್ಕವರಿಗೂ ಅದು ಮುಗಿದ ಮರುದಿನ ಯಾವ ಕೆಲಸಕ್ಕೆ ಮರಳಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಖಾಸಗಿ ವಲಯದ ಲೆಕ್ಕಾಚಾರ

ಸರ್ಕಾರಿ ನೇಮಕಾತಿಯೇ ಕುಗ್ಗುತ್ತಿರುವಾಗ ಶೇ. 4 ಅಥವಾ 5ರ ಪಾಲು ಎಷ್ಟು ಮಂದಿಯನ್ನು ತಲುಪೀತು? ಉದ್ಯೋಗದ ಬಹುಪಾಲು ಇರುವುದು ಖಾಸಗಿ ಹಾಗೂ ಅಸಂಘಟಿತ ವಲಯದಲ್ಲಿ. ಖಾಸಗಿ ಸಂಸ್ಥೆಗಳ ಸಿಬ್ಬಂದಿಯಲ್ಲಿ ಕನಿಷ್ಠ ಶೇ. 5ರಷ್ಟು ಅಂಗವಿಕಲರಿರುವಂತೆ ಸರ್ಕಾರ ಪ್ರೋತ್ಸಾಹಧನ ನೀಡಬೇಕೆಂದು ಕೇಂದ್ರ ಕಾಯಿದೆಯ 35ನೇ ಕಲಮು ಹೇಳುತ್ತದೆ. ಅದು ಪ್ರೋತ್ಸಾಹವೇ ಹೊರತು ಕಡ್ಡಾಯವಲ್ಲ.

ಪ್ರೋತ್ಸಾಹದ ಪ್ರಯೋಗ ಹೊಸದೂ ಅಲ್ಲ. 2008ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಮಾಸಿಕ 25,000 ರೂ.ವರೆಗಿನ ವೇತನದ ಅಂಗವಿಕಲ ನೌಕರರ ಭವಿಷ್ಯನಿಧಿ ಮತ್ತು ಇಎಸ್‌ಐಗೆ ಮಾಲೀಕರು ಕಟ್ಟಬೇಕಾದ ವಂತಿಗೆಯನ್ನು ಮೂರು ವರ್ಷ ತಾನೇ ಭರಿಸುವ ಯೋಜನೆ ತಂದಿತು. ವರ್ಷಕ್ಕೆ ಒಂದು ಲಕ್ಷ ಉದ್ಯೋಗ ಗುರಿಯಾಗಿತ್ತು. ಅದಕ್ಕಾಗಿ 1,800 ಕೋಟಿ ರೂ. ತೆಗೆದಿರಿಸಲಾಗಿತ್ತು. ಫಲ ಮಾತ್ರ ನಗಣ್ಯ. ವಂತಿಗೆಯ ಉಳಿತಾಯ ಅಲ್ಪ, ಅದನ್ನು ಪಡೆಯುವ ಕಾಗದಪತ್ರಗಳ ಓಡಾಟ ಬಹಳ. ಅಲ್ಲದೆ ಉದ್ಯೋಗದಾತರ ಹಿಂಜರಿಕೆಯ ಮೂಲ ಹಣವಾಗಿರಲಿಲ್ಲ. ಈ ವ್ಯಕ್ತಿಯಿಂದ ಕೆಲಸ ಹೇಗೆ ಮಾಡಿಸುವುದು, ಕಟ್ಟಡದಲ್ಲಿ ಏನು ಬದಲಿಸಬೇಕು, ಸಹೋದ್ಯೋಗಿಗಳು ಹೇಗೆ ವರ್ತಿಸಬೇಕು ಎಂಬ ಅಜ್ಞಾನವೇ ಮುಖ್ಯ ಅಡ್ಡಿಯಾಗಿತ್ತು. ಹಣದ ರಿಯಾಯಿತಿ ಆ ಅಜ್ಞಾನವನ್ನು ನೀಗಿಸಲಿಲ್ಲ.

ಆ ಕೊರತೆಯನ್ನು ತುಂಬಲು ಹೊರಟವರು ಸ್ವಯಂಸೇವಾ ಸಂಸ್ಥೆಗಳು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮಾದರಿಯೆಂದರೆ ಅತಿಶಯೋಕ್ತಿಯಾಗದು. ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, 1997ರಲ್ಲಿ ಹುಟ್ಟಿದ ಸಮರ್ಥನಂ, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ತರಬೇತಿಯಿಂದ ಹಿಡಿದು ಕಂಪನಿಗಳ ಮನವೊಲಿಕೆಯವರೆಗೆ ಕೆಲಸ ಮಾಡಿವೆ. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಂಧ್ಯಾ ಇ-ಇನ್ಫೋಮೀಡಿಯಾ ಸಂಸ್ಥೆಯ ಸಿಬ್ಬಂದಿಯಲ್ಲಿ ಹೆಚ್ಚಿನವರು ವಿಕಲಚೇತನರು. ಅದು ದಾನದ ಮೇಲೆ ನಿಂತ ಸಂಸ್ಥೆಯಲ್ಲ, ವ್ಯವಹಾರ ನಡೆಸುವ ಕಂಪನಿ. 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಮೊದಲ ಮಳಿಗೆ ತೆರೆದ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಅಂಗಳವನ್ನೂ ತಲುಪಿತು. ಇವೆಲ್ಲ ಸಾಧ್ಯತೆಯನ್ನು ತೋರಿಸಿವೆ. ಆದರೆ 13 ಲಕ್ಷ ಜನರ ಉದ್ಯೋಗದ ಭಾರವನ್ನು ಬೆರಳೆಣಿಕೆಯ ಸಂಸ್ಥೆಗಳ ಹೆಗಲಿಗೆ ಹೊರಿಸಿ ಸರ್ಕಾರ ನಿರಾಳವಾಗುವಂತಿಲ್ಲ.

ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳು ತಮ್ಮಲ್ಲಿರುವ ಅಂಗವಿಕಲ ನೌಕರರ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸುವುದನ್ನು 2022-23ರಿಂದ ಕಡ್ಡಾಯಗೊಳಿಸಿದೆ. ಬೆಂಗಳೂರು ಕೇಂದ್ರಿತ ದೊಡ್ಡ ಕಂಪನಿಗಳ ವರದಿಗಳನ್ನು ಈಗ ಯಾರು ಬೇಕಾದರೂ ತೆರೆದು, ಲಾಭದ ಪುಟದ ಜೊತೆಗೆ ಈ ಪುಟವನ್ನೂ ಓದಬಹುದು.

ಹೊಂದಾಣಿಕೆಗೆ ತಗಲುವ ವೆಚ್ಚ

ಸಮಂಜಸ ಹೊಂದಾಣಿಕೆ ಎಂದರೆ ಕೋಟಿಗಟ್ಟಲೆ ಖರ್ಚೆಂಬ ಕಲ್ಪನೆ ವ್ಯಾಪಕವಾಗಿದೆ. ಉದ್ಯೋಗದಾತರಿಗೆ ಅತಿಯಾದ ಹೊರೆಯಾಗಬಾರದೆಂದು ಕಾಯಿದೆಯೇ ಹೇಳುತ್ತದೆ. ಅಂಧರಿಗೆ ಪರದೆಯ ಮೇಲಿನ ಅಕ್ಷರ ಓದಿಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿಯೇ ಲಭ್ಯ, ಅದು ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತ ಅದಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಸ್ಕ್ಯಾನ್ ಮಾಡಿದ ಆದೇಶದ ಪ್ರತಿ ಬರಿಯ ಚಿತ್ರ. ರಾಜ್ಯದ ಎಲ್ಲ ಕಚೇರಿಗಳು ಯೂನಿಕೋಡ್ ಕನ್ನಡವನ್ನೇ ಬಳಸಿದರೆ ಒಂದು ರೂಪಾಯಿ ಹೆಚ್ಚುವರಿ ಖರ್ಚಿಲ್ಲದೆ ದೃಷ್ಟಿದೋಷವುಳ್ಳ ನೌಕರರು ಸ್ವತಂತ್ರವಾಗಿ ಕಡತ ನಿರ್ವಹಿಸಬಲ್ಲರು. ಶ್ರವಣದೋಷವುಳ್ಳ ಅಭ್ಯರ್ಥಿಯನ್ನು ದೂರವಾಣಿ ಸಂದರ್ಶನಕ್ಕೆ ಕರೆಯುವ ಬದಲು ಲಿಖಿತ ಪ್ರಶ್ನೆ ಕೊಡುವುದಕ್ಕೂ ಖರ್ಚಿಲ್ಲ. ಕೋವಿಡ್ ಕಾಲದಲ್ಲಿ ಸಾಧ್ಯವಾದ ಮನೆಯಿಂದಲೇ ಕೆಲಸ ಇವರಿಗೆ ಮಾತ್ರ ಅಸಾಧ್ಯವೆನ್ನಲು ಕಾರಣವೂ ಇಲ್ಲ.

ಖರ್ಚಿರುವುದು ಕಟ್ಟಡ, ಶೌಚಾಲಯ, ಪಾದಚಾರಿ ಮಾರ್ಗ, ಬಸ್ಸುಗಳಲ್ಲಿ. ಮೆಟ್ರೊ ನಿಲ್ದಾಣದೊಳಗೆ ಲಿಫ್ಟ್ ಇದ್ದರೂ ನಿಲ್ದಾಣದಿಂದ ಕಚೇರಿಯವರೆಗಿನ ಪಾದಚಾರಿ ಮಾರ್ಗ ಗುಂಡಿಬಿದ್ದಿದ್ದರೆ ಗಾಲಿಕುರ್ಚಿ ಅಲ್ಲಿಗೇ ನಿಲ್ಲುತ್ತದೆ. ರಸ್ತೆ ಸಾರಿಗೆ ನಿಗಮದ ರಿಯಾಯಿತಿ ಪಾಸು 100 ಕಿ.ಮೀ. ವ್ಯಾಪ್ತಿಯ ಪ್ರಯಾಣಕ್ಕೆ ಸಿಗುತ್ತದೆ. ಬಸ್ಸಿನ ಎತ್ತರದ ಮೆಟ್ಟಿಲನ್ನು ಆ ಪಾಸು ತಗ್ಗಿಸದು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಯೋಗ್ಯತೆಯ ಮಾನದಂಡಗಳು ಕೇವಲ ಸಲಹೆಗಳಾಗಿ ಉಳಿಯುವಂತಿಲ್ಲ, ಕಡ್ಡಾಯವಾಗಬೇಕು ಎಂದು ಹೇಳಿರುವುದು ಈ ಹಿನ್ನೆಲೆಯಲ್ಲಿ ಮಹತ್ವದ್ದು.

ಆಗಬೇಕಾದ್ದೇನು?

ಹೊಸ ಕಾಯಿದೆಗಿಂತ ಮೊದಲು ಇರುವ ಕಾಯಿದೆಯ ಮೂರು ಸಾಲುಗಳು ಜಾರಿಯಾಗಲಿ. ಕಾಯಿದೆಯ 21ನೇ ಕಲಮಿನಂತೆ ಖಾಸಗಿಯೂ ಸೇರಿ ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿ ರೂಪಿಸಿ, ಅದರ ಪ್ರತಿಯನ್ನು ಆಯುಕ್ತರಲ್ಲಿ ನೋಂದಾಯಿಸಬೇಕು. ಯಾವ ಸಂಸ್ಥೆಗಳು ನೋಂದಾಯಿಸಿವೆ, ಯಾವುವು ಇಲ್ಲ ಎಂಬ ಪಟ್ಟಿಯನ್ನು ರಾಜ್ಯ ಆಯುಕ್ತರ ಕಚೇರಿ ವರ್ಷಕ್ಕೊಮ್ಮೆ ಪ್ರಕಟಿಸಿದರೆ ಸಾಕು, ಅರ್ಧ ಕೆಲಸವಾದಂತೆ. ಎರಡನೆಯದು, ಭರ್ತಿಯಾಗದ ಮೀಸಲು ಹುದ್ದೆಗಳನ್ನು ಮುಂದಿನ ನೇಮಕಾತಿ ವರ್ಷಕ್ಕೆ ಒಯ್ಯಬೇಕೆಂಬ ನಿಯಮ. ಇಲಾಖೆವಾರು ಬ್ಯಾಕ್‌ಲಾಗ್ ಎಷ್ಟೆಂಬುದನ್ನು ಸರ್ಕಾರ ಸಾರ್ವಜನಿಕರ ಮುಂದಿಡಬೇಕು. ಮೂರನೆಯದು ದಂಡ. ಮೊದಲ ಉಲ್ಲಂಘನೆಗೆ 10,000 ರೂ., ನಂತರದವುಗಳಿಗೆ 50,000ದಿಂದ 5 ಲಕ್ಷ ರೂ.ವರೆಗೆ ದಂಡ ವಿಧಿಸಲು 89ನೇ ಕಲಮಿನಲ್ಲಿ ಅವಕಾಶವಿದೆ. ಬಳಕೆಯಾಗದ ದಂಡದ ಕಲಮು ತುಕ್ಕುಹಿಡಿದ ಕತ್ತಿಯಷ್ಟೇ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರೂ ವಿಕಲಚೇತನರೇ, ಗೌರವಧನದ ಮೇಲೆ ದುಡಿಯುವವರು. ಪಿಂಚಣಿ ಅರ್ಜಿ ತುಂಬುವುದಕ್ಕಷ್ಟೇ ಸೀಮಿತವಾಗದೆ ಉದ್ಯೋಗದ ಮಾಹಿತಿ, ಪ್ರಮಾಣಪತ್ರ, ತರಬೇತಿಗಳ ಕೊಂಡಿಯಾಗಿ ಈ ಜಾಲವನ್ನು ಬೆಳೆಸುವುದು ಸಾಧ್ಯ. ಆದರೆ ಉಳಿದವರಿಗೆ ಉದ್ಯೋಗ ಕೊಡಿಸಬೇಕಾದವರ ಸ್ವಂತ ಉದ್ಯೋಗವೇ ಗೌರವಧನದಲ್ಲಿ ಉಳಿದಿರುವುದು ಸರ್ಕಾರ ತುರ್ತಾಗಿ ಸರಿಪಡಿಸಬೇಕಾದ ವೈರುಧ್ಯ.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ, ಹಾಸನದಲ್ಲೇ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ 2021ರ ಟೋಕಿಯೊ ಹಾಗೂ 2024ರ ಪ್ಯಾರಿಸ್ ಕೂಟಗಳಲ್ಲಿ ಬೆಳ್ಳಿ ಗೆದ್ದಾಗ ನಾಡು ಸಂಭ್ರಮಿಸಿತು. ಆ ಹೆಮ್ಮೆ ಸಹಜವಾದದ್ದೇ. ಆದರೆ ಪದಕ ಗೆಲ್ಲದ, ಐಎಎಸ್ ಆಗದ, ತಿಂಗಳ ಸಂಬಳದಲ್ಲಿ ಮನೆ ನಡೆಸಿದರೆ ಸಾಕೆನ್ನುವ ಸಾಮಾನ್ಯ ವಿಕಲಚೇತನರಿಗೂ ಈ ನಾಡಿನಲ್ಲಿ ಸ್ಥಾನವಿರಬೇಕು. ‘ಅಂಗವಿಕಲ’ ಎನ್ನುವುದನ್ನು ‘ವಿಕಲಚೇತನ’ವಾಗಿಸಿ, ಮುಂದೆ ‘ದಿವ್ಯಾಂಗ’ವಾಗಿಸಿ ಹೆಸರು ಬದಲಿಸಿದ್ದಾಯಿತು. ಇನ್ನು ಬದಲಾಗಬೇಕಾದದ್ದು ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಕುಳಿತವರು ಕೇಳುವ ಮೊದಲ ಪ್ರಶ್ನೆ. ‘ನಿಮಗೆ ಏನು ತೊಂದರೆ’ ಎಂಬುದರ ಬದಲು ‘ಈ ಕೆಲಸ ಮಾಡಲು ನಿಮಗೆ ಏನು ಬೇಕು’ ಎಂದು ಕೇಳುವ ಕಚೇರಿಗಳು ಹೆಚ್ಚಿದಾಗ ಮಾತ್ರ, ಕೇಳುವುದನ್ನೇ ನಿಲ್ಲಿಸಿದ ಆ 76 ಮಂದಿಯಲ್ಲಿ ಕೆಲವರಾದರೂ ಮತ್ತೆ ಅರ್ಜಿ ಹಿಡಿದು ಹೊರಟಾರು.